ನೇತುಹಾಕದ ಹಲಗೆಗಳು

ಆ ಬೇಸಗೆಯಲ್ಲಿ ವಿಲೋ ಫೋರ್ಕ್ ಹೊಳೆಯ ನೀರಿಗೆ ಬರವಿತ್ತೇ ಹೊರತು ಅರ್ವಿಡ್ ಲುಂಡನ ಸಿಟ್ಟಿಗೆ ಬರವಿರಲಿಲ್ಲ. ಸಿಟ್ಟು ಅವನಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆದರೆ ಆ ಆಗಸ್ಟಿನಲ್ಲಿ ಅದಕ್ಕೆ ಅಲ್ಲಿಂದ ಕೆಳಗಿಳಿಯಲು ಪುರಸೊತ್ತೇ ಸಿಗಲಿಲ್ಲ. ಬೆಟ್ಟದ ಮೇಲಿನ ಹಿಮ ಜುಲೈ ಕಳೆಯುವ ಮೊದಲೇ ಕರಗಿ ಹರಿದುಹೋಗಿತ್ತು. ಪಡುವಲ ಕಾಡುಗಳಿಗೆ ಬೆಂಕಿ ಹತ್ತಿ, ಹೊಗೆ ಕಣಿವೆಯೊಳಗೆ ಕರೆಯದ ನೆಂಟನಂತೆ ಬಂದು ಕೂತಿತ್ತು. ನೀರು ಇಳಿದು ಎಷ್ಟು ತಿಳಿಯಾಗಿತ್ತೆಂದರೆ ದಂಡೆಯಲ್ಲಿ ನಿಂತವನ ನೆರಳು ಬಿದ್ದರೆ ಸಾಕು, ಟ್ರೌಟ್ ಮೀನುಗಳು ಕಣ್ಮರೆಯಾಗುತ್ತಿದ್ದವು. ಇಷ್ಟು ಸಾಲದು ಎನ್ನುವಂತೆ ಗೂಬೆಹೊತ್ತು ಬೇರೆ.

ಗೂಬೆಹೊತ್ತು ಎಂದರೆ ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೊಳೆಯಲ್ಲಿ ಯಾರೂ ಗಾಳ ಹಾಕುವಂತಿಲ್ಲ ಎಂಬ ನಿಯಮ. ಹಿಂದೆ ಮರ ಕಡಿಯುವವರು ಕಾಡ್ಗಿಚ್ಚಿಗೆ ಹೆದರಿ, ಗೂಬೆ ಕೂಗುವಾಗಲೇ ಎದ್ದು, ಬಿಸಿಲೇರುವ ಮೊದಲು ಕೆಲಸ ಮುಗಿಸುತ್ತಿದ್ದರಂತೆ. ಹೆಸರು ಅಲ್ಲಿಂದ ಬಂದದ್ದು. ನೀರು ಕಾದರೆ ಟ್ರೌಟ್ ಮೀನಿಗೆ ಉಸಿರು ಸಾಲುವುದಿಲ್ಲ. ಹಿಡಿದು ಮರಳಿ ಬಿಟ್ಟರೂ ಅದು ಎಲ್ಲೋ ಹೋಗಿ ಹೊಟ್ಟೆ ಮೇಲೆ ಮಾಡಿ ಸಾಯುತ್ತದೆ. ಈ ನಿಯಮ ನಮ್ಮ ಹೊಳೆಗೂ ಬರಲೇಬೇಕೆಂದು ಊರ ಸಭೆಯಲ್ಲಿ ಮೇಜು ಕುಟ್ಟಿದವನು ಬೇರೆ ಯಾರೂ ಅಲ್ಲ, ಅರ್ವಿಡನೇ. ತಾನೇ ಕಟ್ಟಿದ ಬೇಲಿಯ ಮುಳ್ಳಿಗೆ ಈಗ ಅವನದೇ ಅಂಗಿ ಸಿಕ್ಕಿತ್ತು.

ಯಾಕೆಂದರೆ ಅವನಿಗೆ ಈ ವರ್ಷ ಅವಸರವಿತ್ತು. ನವೆಂಬರಿನಲ್ಲಿ ಬಲ ಮಂಡಿಯ ಆಪರೇಷನ್. ಅದಾದ ಮೇಲೆ ಜಾರುಗಲ್ಲಿನ ಹೊಳೆಗೆ ಇಳಿಯುವ ಮಾತು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. "ಮೀನು ಹಿಡೀಬೇಕು ಅಂದ್ರೆ ಕೆರೆ ದಂಡೇಲಿ ಕುರ್ಚಿ ಹಾಕ್ಕೊಂಡು ಹಿಡೀರಿ," ಎಂದು ಸಮಾಧಾನವನ್ನೂ ಹೇಳಿದ್ದರು. ಆ ಕುರ್ಚಿಯ ಮಾತು ಅರ್ವಿಡನನ್ನು ಮಂಡಿಗಿಂತ ಹೆಚ್ಚು ನೋಯಿಸಿತು. ಹೊಳೆಯೊಳಗೆ ಸೊಂಟಮಟ್ಟ ನಿಲ್ಲಲಾಗದ ಮೇಲೆ ಅದೇನು ಗಾಳ, ಅದೇನು ಬಾಳು ಎಂದು ಮನೆಗೆ ಬರುವವರೆಗೂ ಗೊಣಗಿದ್ದ.

ಹೊಳೆ ಬಿಡುವ ಮೊದಲು ಅವನಿಗೆ ಹಿಡಿಯಬೇಕಾದದ್ದು ಒಂದೇ ಮೀನು. ಹಳೆ ಸೇತುವೆಯ ಕೆಳಗಿನ ತಿರುವಿನ ಮಡುವಿನಲ್ಲಿದ್ದ ಕಂದು ಟ್ರೌಟ್. ಮೊಳಕ್ಕೂ ಮಿಕ್ಕ ಉದ್ದ, ಬೆನ್ನ ಮೇಲೆ ಯಾವುದೋ ಹದ್ದು ಎಳೆದ ಬಿಳಿ ಗೀರು. ಅರ್ವಿಡ್ ಅದಕ್ಕೆ 'ಮುದುಕ' ಎಂದು ಹೆಸರಿಟ್ಟಿದ್ದ. ಇಷ್ಟು ದಪ್ಪ, ಇಷ್ಟು ಹಟ, ಇಷ್ಟು ಸಿಡುಕು ಇರಬೇಕಾದರೆ ಅದು ತನ್ನಂಥ ಗಂಡೇ ಇರಬೇಕು ಎಂಬುದು ಅವನ ಲೆಕ್ಕ. ವರ್ಷಕ್ಕೊಂದು ಸಲದಂತೆ ಮೂರು ವರ್ಷ ಅದು ಅವನ ದಾರ ಕಡಿದುಕೊಂಡು ಹೋಗಿತ್ತು. ತಿನ್ನುವ ಆಸೆ ಅವನಿಗಿರಲಿಲ್ಲ. ಆ ಹೊಳೆಯಲ್ಲಿ ಹಿಡಿದದ್ದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಒಂದೇ ಒಂದು ಸಲ ಎರಡು ಕೈಯಲ್ಲಿ ಹಿಡಿದು, ಮುಖ ನೋಡಿ, ಬಿಟ್ಟುಬಿಡಬೇಕು. ಅದಾದರೆ ಡಾಕ್ಟರು ಮಂಡಿ ಕೊಯ್ದುಕೊಳ್ಳಲಿ.

ಆಗಸ್ಟಿನ ಆ ದಿನ ಗಡಿಯಾರ ಎರಡರ ಹತ್ತಿರ ಬಂದಾಗ ಮುದುಕ ಮೇಲೆ ಬಂದ. ಅರ್ವಿಡ್ ಕೊಕ್ಕೆಗೆ ಜಿಂಕೆಯ ಕೂದಲು, ಕೋಳಿಗರಿ, ಹಳದಿ ದಾರ ಸುತ್ತಿ ತಾನೇ ಕಟ್ಟಿದ ಹುಸಿ ಮಿಡತೆಯನ್ನು ದಂಡೆಯ ಹುಲ್ಲಿನ ಅಂಚಿಗೆ ಎಸೆದಿದ್ದ. ಅದು ತೇಲಿ ಬರುವಾಗ ಕೆಳಗಿನಿಂದ ಕಂದು ಬೆನ್ನೊಂದು ಎದ್ದು, ಮಿಡತೆಯ ಕೆಳಗೆ ಮೂಗು ಇಟ್ಟುಕೊಂಡು, ಅಂಗಡಿಯಲ್ಲಿ ಬಟ್ಟೆ ನೋಡುವವರ ಹಾಗೆ ಅದರ ಜೊತೆಗೇ ಹಿಂದೆ ಹಿಂದೆ ಸರಿಯಿತು. ಬಾಯಿ ತೆರೆಯಲಿಲ್ಲ. ಮುಳುಗಿತು. ಇನ್ನೊಂದು ಸಲ ಎಸೆದರೆ ಬರುತ್ತದೆ ಎಂದು ಅವನ ಮೈಯೆಲ್ಲ ಹೇಳುತ್ತಿತ್ತು. ಆಗ ಕೈಗಡಿಯಾರ ಪೀಂ ಎಂದಿತು.

ಅವನು ಹಲ್ಲು ಕಡಿಯುತ್ತ ದಾರ ಸುತ್ತಿಕೊಂಡ. ಸುತ್ತಿಕೊಂಡು ತಲೆ ಎತ್ತಿದರೆ, ಮಡುವಿನ ಮೇಲ್ಭಾಗದಲ್ಲಿ ಹೊಸ ಟೊಪ್ಪಿಯ ಒಬ್ಬ ಆರಾಮವಾಗಿ ಗಾಳ ಬೀಸುತ್ತಿದ್ದ. ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಹಿಂದಿನ ಸೀಟಿನ ಪುಂಡರನ್ನು ಕೂತಲ್ಲಿಂದಲೇ ಅಡಗಿಸಿದ್ದ ಗಂಟಲು ಅರ್ವಿಡನದು.

"ಏಯ್! ಗಡಿಯಾರ ಇಲ್ವಾ? ಎರಡಾಯ್ತು!"

ಟೊಪ್ಪಿಯವನು ಬೆಚ್ಚಿ ತಿರುಗಿದ. "ಇದೊಂದು ಎಸೆದು ಬಿಡ್ತೀನಿ ಯಜಮಾನ್ರೇ. ಈಗಷ್ಟೇ ಮೀನು ಏಳ್ತಿದೆ."

"ಏಳ್ತಿರೋದು ಉಸಿರಾಡಕ್ಕೆ! ನೀರಿಗೆ ಕೈ ಅದ್ದಿ ನೋಡು, ಸ್ನಾನ ಮಾಡೋ ಹಾಗಿದೆ. ಸಾಯಿಸಕ್ಕೆ ಬಂದಿದ್ದೀಯಾ ಹಿಡಿಯಕ್ಕೆ ಬಂದಿದ್ದೀಯಾ?"

"ಹೊಳೆ ಏನು ನಿಮ್ಮಪ್ಪಂದಾ?"

"ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ. ಮೀನಿಂದು. ಸುತ್ತು ದಾರ!"

ಆತ ಮುಖ ಕೆಂಪಗೆ ಮಾಡಿಕೊಂಡು ಹೋದ. ಪಕ್ಕದ ಊರಿಗೆ ಹೊಸದಾಗಿ ಬಂದ ಸಂಗೀತದ ಮೇಷ್ಟ್ರು, ಬೋಯ್ಡ್ ಅಂತ ಹೆಸರು ಎಂಬುದು ಆಮೇಲೆ ತಿಳಿಯಿತು. ಅವನು ಹೋದದ್ದೇ ತಡ, ಗಾಳಿ ತುಂಬಿದ ಟ್ಯೂಬುಗಳ ಮೇಲೆ ಕಾಲು ಚಾಚಿ ಮಲಗಿದ ಕಾಲೇಜು ಹುಡುಗ ಹುಡುಗಿಯರ ದಂಡೊಂದು ಹಾಡುತ್ತ ಕಿರುಚುತ್ತ ಮಡುವಿನ ನಡುವೆಯೇ ತೇಲಿ ಬಂತು. ಅವರಿಗೂ ಅರ್ವಿಡ್ ಮಂಗಳಾರತಿ ಎತ್ತಿದ. ಅವರು ಕೈ ಬೀಸಿ "ಲವ್ ಯು ತಾತಾ!" ಎಂದು ಕೂಗಿ, ಕೆಳಗಿನ ಮರಳು ದಿಣ್ಣೆಗೆ ತಗಲಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಅವನ ಹೆಂಡತಿ ಮಾರ್ವಾ, ಕಾಟನ್‌ವುಡ್ ಮರದ ನೆರಳಲ್ಲಿ ನಿಲ್ಲಿಸಿದ್ದ ಪಿಕಪ್ಪಿನ ಹಿಂಬಾಗಿಲ ಮೇಲೆ ಕೂತು ಹ್ಯಾಮ್ ಸ್ಯಾಂಡ್‌ವಿಚ್ಚು ತಿನ್ನುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಆವತ್ತಿನ ಹೋಗೋ ಬಾರೋ ಇವತ್ತಿಗೂ ತಪ್ಪಿರಲಿಲ್ಲ.

"ಇವತ್ತು ಯಾರ್ಯಾರಿಗೆ ಆಯ್ತು ಮಂಗಳಾರತಿ?" ಎಂದಳು.

"ಹೊಗೆ, ನೀರು, ಬಿಸಿಲು, ಆ ಟ್ಯೂಬಿನ ಕಪಿಗಳು. ಒಂದಾದ್ರೂ ನೆಟ್ಟಗಿದ್ರೆ ಹೇಳು."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದು ಮಾರ್ವಾ ಅವನ ಪಾಲಿನ ಸ್ಯಾಂಡ್‌ವಿಚ್ಚು ಚಾಚಿದಳು. ಅವನು ಅದನ್ನೂ ಸಿಟ್ಟಿನಲ್ಲೇ ತಿಂದ.

ಸೆಪ್ಟೆಂಬರ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅವನು ದಿನಾ ಹೇಳುತ್ತಿದ್ದ. ಸೆಪ್ಟೆಂಬರ್ ಬಂತು. ನೀರು ತಣ್ಣಗಾಗಿ ಗೂಬೆಹೊತ್ತಿನ ನಿಯಮ ತೆಗೆದರು. ಅದೇ ವಾರ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿ ಮಿಡತೆಗಳೆಲ್ಲ ಸತ್ತುಹೋದವು. ಅವನ ಡಬ್ಬಿ ತುಂಬ ಕಟ್ಟಿಟ್ಟಿದ್ದ ಮಿಡತೆಗಳನ್ನು ನೋಡುವ ಮೀನಿರಲಿಲ್ಲ. ಬೆಳಿಗ್ಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಏಳುತ್ತಿದ್ದವು. ಅಷ್ಟು ಸಣ್ಣ ಕೊಕ್ಕೆಯ ಕಿವಿಗೆ ದಾರ ಪೋಣಿಸಲು ಅವನ ಕನ್ನಡಕ ಒಪ್ಪುತ್ತಿರಲಿಲ್ಲ. ಮಾರ್ವಾ ಪೋಣಿಸಿಕೊಡುವ ಹೊತ್ತಿಗೆ ಹುಳುಗಳು ಮುಗಿದು ಗಾಳಿ ಎದ್ದಿರುತ್ತಿತ್ತು. ಗಾಳಿ ಇಲ್ಲದ ದಿನ ಕಣ್ಣು ಕುಕ್ಕುವ ಬಿಸಿಲು, ನೀರಲ್ಲಿ ದಾರದ ನೆರಳೂ ಹಗ್ಗದಷ್ಟು ದಪ್ಪ. ಮುದುಕ ಮಡುವಿನ ತಳದಲ್ಲಿ ಕಲ್ಲಿನ ಪಕ್ಕ ಕಲ್ಲಾಗಿ ಬಿದ್ದಿರುತ್ತಿದ್ದ. ಬೆನ್ನ ಗೀರು ದಂಡೆಯಿಂದಲೇ ಕಾಣುತ್ತಿತ್ತು. ಅದು ಕಾಣುವುದೇ ಅರ್ವಿಡನಿಗೆ ದೊಡ್ಡ ಹಿಂಸೆ.

ಆಮೇಲೆ ಎಲೆ ಉದುರಿತು. ಕಾಟನ್‌ವುಡ್ ಮರಗಳು ಒಂದೇ ಗಾಳಿಗೆ ತಮ್ಮ ಹಳದಿಯನ್ನೆಲ್ಲ ಹೊಳೆಗೆ ಸುರಿದವು. ಎಸೆದರೆ ಎಲೆ, ಎಳೆದರೆ ಎಲೆ. ಒಂದು ಸಲ ದಾರ ಭಾರವಾಗಿ ಜಗ್ಗಿ, ಕೋಲು ಬಾಗಿತು. ಎಳೆದು ನೋಡಿದರೆ ಕೊಂಬೆ ಸಮೇತ ಎಲೆಯ ಗೊಂಚಲು.

"ಸಾರು ಮಾಡಲಾ, ಹುರೀಲಾ?" ಎಂದು ಮಾರ್ವಾ ದಂಡೆಯಿಂದ ಕೇಳಿದಳು.

ಅವನು ಕೋಲನ್ನು ಹುಲ್ಲಿನ ಮೇಲೆ ಎಸೆದು ಹೊಳೆಗೇ ಬೆನ್ನು ಹಾಕಿ ಕೂತ. ಅಳು ಬರುವಷ್ಟು ಸಿಟ್ಟು ಬಂದಿತ್ತು. ಮೂರು ತಿಂಗಳು ಒಬ್ಬ ಮನುಷ್ಯ ಹೊಳೆಯ ಬಾಗಿಲಲ್ಲಿ ನಿಂತಿದ್ದಾನೆ, ಹೊಳೆ ಒಂದು ಸಲವೂ "ಬಾ" ಎನ್ನಲಿಲ್ಲ.

ಅಕ್ಟೋಬರ್ ನಡುವಿಗೆ ಹಲಗೆಗಳ ಕೆಲಸವಿತ್ತು. ಅದು ಅರ್ವಿಡನೇ ಹುಟ್ಟುಹಾಕಿದ ಪದ್ಧತಿ. ಎಲೆ ಉದುರುವ ಕಾಲಕ್ಕೆ ಕಂದು ಟ್ರೌಟ್ ಮೊಟ್ಟೆ ಇಡುತ್ತವೆ. ಮಡು ಮುಗಿದು ನೀರು ತೆಳ್ಳಗಾಗುವ ಕಡೆ, ಬಾಲದಿಂದ ಬಡಿದು ಬಡಿದು ಹರಳುಗಲ್ಲುಗಳ ಪಾಚಿ ತೊಳೆದು, ಗುಳಿ ತೋಡಿ, ಅಲ್ಲಿ ಮೊಟ್ಟೆ ಇಟ್ಟು ಕಲ್ಲು ಮುಚ್ಚುತ್ತವೆ. ಹೊಳೆಯ ತಳವೆಲ್ಲ ಕಪ್ಪಗಿರುವಾಗ ಆ ಜಾಗ ಮಾತ್ರ ಬೆಳ್ಳಗೆ ಕಾಣುತ್ತದೆ. ಅದರ ಮೇಲೆ ಒಂದು ಬೂಟು ಬಿದ್ದರೆ ಮುಂದಿನ ವರ್ಷದ ಮರಿಗಳೆಲ್ಲ ಜಜ್ಜಿ ಹೋದ ಹಾಗೆ. ಅದಕ್ಕೇ ಪ್ರತಿ ವರ್ಷ ಅರ್ವಿಡ್ ಕೆಂಪು ಬಣ್ಣದಲ್ಲಿ "ಬಿಳಿ ಕಲ್ಲು ತುಳಿಯಬೇಡಿ. ಕೆಳಗೆ ಮೊಟ್ಟೆ ಇದೆ" ಎಂದು ಬರೆದ ಹಲಗೆಗಳನ್ನು ಹೊಳೆಗೆ ಇಳಿಯುವ ದಾರಿಗಳಲ್ಲಿ ಮರಕ್ಕೆ ಹೊಡೆಯುತ್ತಿದ್ದ. ಹಲಗೆ ಹೊಡೆದ ಮೇಲೆ ಆ ಮಡುವಿಗೆ ಯಾರೂ ಇಳಿಯುತ್ತಿರಲಿಲ್ಲ. ಅವನೂ ಅಷ್ಟೇ.

ಈ ವರ್ಷ ಹಲಗೆಗಳು ಪಿಕಪ್ಪಿನ ಹಿಂಭಾಗದಲ್ಲೇ ಉಳಿದವು.

"ಯಾವಾಗ ಹೊಡಿಯೋದು?" ಎಂದು ಮಾರ್ವಾ ಕೇಳಿದಳು.

"ಹೊಡಿಯೋಣ. ಇನ್ನೂ ನೀರು ಬೆಚ್ಚಗಿದೆ. ಇನ್ನೊಂದು ವಾರ ಹೋಗ್ಲಿ."

ವಾರ ಹೋಯಿತು. ಅವಳು ಮತ್ತೆ ಕೇಳಿದಳು.

"ಬಣ್ಣ ಮಾಸಿದೆ, ಇನ್ನೊಂದು ಕೈ ಹಚ್ಚಬೇಕು."

"ಬಣ್ಣ ಮಾಸಿಲ್ಲ ಅರ್ವಿಡ್."

"ನಿಂಗೇನು ಗೊತ್ತು? ಇನ್ನೂ ಒಂದು ಮೀನೂ ಗುಳಿ ತೋಡಿಲ್ಲ."

"ನೋಡಿದ್ದೀಯಾ?"

ಅವನು ನೋಡಿರಲಿಲ್ಲ. ನೋಡಿದರೆ ಕಾಣುತ್ತದೆ, ಕಂಡರೆ ನಿಲ್ಲಿಸಬೇಕಾಗುತ್ತದೆ ಎಂದು ಆ ಕಡೆಗೆ ಕತ್ತೇ ತಿರುಗಿಸಿರಲಿಲ್ಲ. ಮಾರ್ವಾ "ಹೇಳೋದು ಶಾಸ್ತ್ರ, ಹಾಕೋದು ಗಾಳ," ಎಂದು ಒಳಗೆ ಹೋದಳು. ಅವನಿಗೆ ಚುರುಕ್ ಎಂದಿತು. ಆದರೆ ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು.

ಅಂತೂ ಅಕ್ಟೋಬರಿನ ಕೊನೆಗೆ ಅವನು ಬೇಡಿಕೊಂಡಿದ್ದ ದಿನ ಬಂತು. ಮೋಡ ಬೆಟ್ಟದ ನಡುವಿನವರೆಗೆ ಇಳಿದಿತ್ತು. ಗಾಳಿ ಇಲ್ಲ. ಜಿನುಗು ಮಳೆ. ಎಲೆಗಳೆಲ್ಲ ಹರಿದುಹೋಗಿ ನೀರು ಚೊಕ್ಕವಾಗಿತ್ತು. ಅಂಥ ದಿನಗಳಲ್ಲೇ ಏಳುವ ಹಸಿರುಬೂದು ರೆಕ್ಕೆಯ ಹುಳುಗಳು ಮಡುವಿನ ಮೇಲೆ ಸಾಲುಸಾಲಾಗಿ ತೇಲುತ್ತಿದ್ದವು. ಆಚೆ ದಂಡೆಯ ವಿಲೋ ಪೊದೆಯ ಕೆಳಗೆ ಒಂದು ಮೀನು ಒಂದೇ ಕಡೆ ನಿಂತು ಅವನ್ನು ಹೆಕ್ಕುತ್ತಿತ್ತು. ಉಂಗುರ, ಮತ್ತೊಂದು ಉಂಗುರ.

"ಮುದುಕ!" ಎಂದ ಅರ್ವಿಡ್. ಹರಕೆ ಹೊತ್ತವನ ದನಿಯಿತ್ತು ಅದರಲ್ಲಿ. ಮಾರ್ವಾ ಕೊಕ್ಕೆ ಪೋಣಿಸಿಕೊಟ್ಟು, ಛತ್ರಿ ಬಿಚ್ಚಿ ದಂಡೆಯಲ್ಲಿ ನಿಂತಳು.

ಈ ದಂಡೆಯಿಂದ ಎಸೆದರೆ ನಡುವಿನ ಸೆಳೆತ ದಾರವನ್ನು ಎಳೆದೊಯ್ಯುತ್ತಿತ್ತು. ಮಡುವಿನ ಕೆಳತುದಿಯ ತೆಳುನೀರನ್ನು ದಾಟಿ ಆ ಕಡೆ ಹೋಗಬೇಕು. ಎದೆಮಟ್ಟದ ರಬ್ಬರು ಉಡುಪಿನ ಬೆಲ್ಟು ಬಿಗಿದುಕೊಂಡು, ಊರುಗೋಲು ಊರಿಕೊಂಡು ಅವನು ಇಳಿದ. ಕಣ್ಣು ಉಂಗುರಗಳ ಮೇಲೆ. ಕಣಿವೆಗೆಲ್ಲ "ಕಾಲ ಬುಡ ನೋಡ್ಕೊಂಡು ನಡೀರಿ" ಎಂದು ಪಾಠ ಹೇಳಿದವನು ಅವತ್ತು ಒಂದು ಸಲವೂ ಕೆಳಗೆ ನೋಡಲಿಲ್ಲ.

ಅರ್ಧ ದಾಟಿದಾಗ ಮಂಡಿ ಕಳಚಿದಂತಾಗಿ ಅವನು ಮುಗ್ಗರಿಸಿದ. ಬೂಟು ಒಳಕ್ಕೆ ಹೋಯಿತು. ಹಾಗೆ ಹೋಗಬಾರದಿತ್ತು. ಆ ಹೊಳೆಯ ಕಲ್ಲಿನ ಮೇಲೆ ಬೂಟು ಜಾರುತ್ತದೆ, ಒಳಕ್ಕೆ ಹೋಗುವುದಿಲ್ಲ. ಇಲ್ಲಿ ಹೊಸದಾಗಿ ರಾಶಿ ಹಾಕಿದ ಕಾಳಿನೊಳಗೆ ಇಟ್ಟಂತೆ ಮೆತ್ತಗೆ ಇಳಿಯಿತು. ಅವನು ಕೆಳಗೆ ನೋಡಿದ.

ಬೆಳ್ಳಗಿತ್ತು. ಅವನ ಬೂಟಿನ ಸುತ್ತ ಬೆಳ್ಳಗಿತ್ತು. ಪಕ್ಕದಲ್ಲಿ ಇನ್ನೊಂದು, ಅದರ ಮುಂದೆ ಮತ್ತೊಂದು, ತೊಳೆದು ಹರವಿದ ತಟ್ಟೆಗಳಂತೆ ತೆಳುನೀರಿನ ತಳದ ತುಂಬ. ಹಿಂದೆ ತಿರುಗಿ ನೋಡಿದರೆ, ಬಂದ ದಾರಿಯಲ್ಲೂ ಒಂದು ಬಿಳಿ ತಟ್ಟೆಯ ನಡುವೆ ಅವನದೇ ಹೆಜ್ಜೆಯ ಕಪ್ಪು ಹೊಂಡ.

ಆಚೆ ದಂಡೆಯಲ್ಲಿ ಉಂಗುರ ಎಬ್ಬಿಸುತ್ತಿದ್ದ ಮೀನು ಅದೇ ಹೊತ್ತಿಗೆ ನೀರಿಂದ ಮೇಲೆ ನೆಗೆಯಿತು. ಗೇಣುದ್ದದ ಮರಿ. ಮುದುಕ ಅಲ್ಲಿರಲೇ ಇಲ್ಲ.

ಮುದುಕ ಇಲ್ಲಿದ್ದ. ಆಳದ ಕಡೆಯಿಂದ ಕಂದು ಬೆನ್ನೊಂದು ನಿಧಾನವಾಗಿ ತೆಳುನೀರಿಗೆ ಬಂತು. ಬೆನ್ನ ಮೇಲೆ ಬಿಳಿ ಗೀರು. ಅರ್ವಿಡನ ಕಾಲ ಸುತ್ತ ಒಂದು ಸುತ್ತು ಹಾಕಿ, ಅವನ ಬೂಟು ಮುಳುಗಿದ್ದ ಗುಳಿಯ ಅಂಚಿಗೆ ಬಂದು, ಪಕ್ಕಕ್ಕೆ ಮಗುಚಿ, ಬಾಲದಿಂದ ಪಟಪಟ ಬಡಿಯಿತು. ಹರಳುಗಳು ಎದ್ದು ಹರಿದವು. ಮತ್ತೆ ಬಡಿಯಿತು. ಅದರ ಬಾಲದ ಅಂಚು ಸವೆದು ಬೆಳ್ಳಗಾಗಿತ್ತು. ಹಿಂದೆ ಎರಡು ಚಿಕ್ಕ ಗಂಡುಗಳು ಒಂದನ್ನೊಂದು ಅಟ್ಟುತ್ತಿದ್ದವು. ಗುಳಿ ತೋಡುವ ಕೆಲಸ ಗಂಡು ಮೀನು ಮಾಡುವುದಿಲ್ಲ. ಹಾಗೆಂದು ಶಾಲೆಯ ಮಕ್ಕಳಿಗೆ ಬಸ್ಸು ನಿಲ್ಲಿಸಿ ತೋರಿಸಿ ಹೇಳಿದ್ದವನು ಅರ್ವಿಡನೇ.

"ಅರ್ವಿಡ್!" ದಂಡೆಯಿಂದ ಮಾರ್ವಾ ಕೂಗಿದಳು. ಅವಳಿಗೆ ಬೆನ್ನು ಕಂಡಿತ್ತು, ಕೆಳಗಿನ ಕಲ್ಲು ಕಂಡಿರಲಿಲ್ಲ. "ಅಲ್ಲೇ ಇದೆ ಕಣೋ, ನಿನ್ನ ಕಾಲ ಹತ್ರಾನೇ! ಹಾಕೋ! ಇನ್ನೇನು ಕಾಯ್ತಿದ್ದೀಯ?"

ಹಾಕಿದರೆ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಈ ಹೊತ್ತಿನಲ್ಲಿ ಅದು ಹಸಿವಿಲ್ಲದಿದ್ದರೂ ಗುಳಿಯ ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ಮೂರು ವರ್ಷ, ಈ ಇಡೀ ಬೇಸಗೆ, ಹೊಗೆ, ಗೂಬೆಹೊತ್ತು, ಎಲೆ, ಗಾಳಿ, ಕೆರೆ ದಂಡೆಯ ಆ ದರಿದ್ರ ಕುರ್ಚಿ, ಎಲ್ಲ ಸೇರಿ ಅವನ ತೋಳನ್ನು ಮೇಲಕ್ಕೆತ್ತಿದವು. ಕೋಲು ಎದ್ದಿತು. ಮೀನು ಅವನ ಕಡೆ ನೋಡಲೂ ಇಲ್ಲ. ಅವನು ಕೆಡಿಸಿದ್ದನ್ನು ಸರಿಮಾಡುವುದರಲ್ಲಿ ಅದಕ್ಕೆ ಬಿಡುವಿರಲಿಲ್ಲ.

ಅವನು ಕೋಲು ಇಳಿಸಿ, ಕೊಕ್ಕೆಯನ್ನು ಅದರ ಬಳೆಗೆ ಸಿಕ್ಕಿಸಿದ.

ಸಿಕ್ಕಿಸಿದ ಮೇಲೆ ಗೊತ್ತಾಯಿತು, ಹೋಗಲು ದಾರಿಯಿಲ್ಲ ಎಂದು. ಮುಂದೆ ಬಿಳಿ, ಹಿಂದೆ ಬಿಳಿ. ನೆಟ್ಟಗಿನ ಕಾಲಾಗಿದ್ದರೆ ಸಂದಿಯಲ್ಲಿ ಜಿಗಿದು ಹೋಗಬಹುದಿತ್ತು; ಈ ಮಂಡಿಯನ್ನು ನಂಬುವ ಹಾಗಿರಲಿಲ್ಲ. ಎಡಗಡೆ, ಒಂದು ಮಾರು ಆಚೆ, ಎದೆಯುದ್ದದ ಸೆಳೆತ. ಅಲ್ಲಿ ಮಾತ್ರ ತಳ ಕಪ್ಪಗಿತ್ತು. ಅವನು ನಿಂತಲ್ಲೇ ಮೆಲ್ಲಗೆ ನೀರಲ್ಲಿ ಕೂತ, ಅಂಗಾತ ಮಲಗಿದ, ಗುಳಿಯಿಂದ ಬೂಟನ್ನು ನೆಟ್ಟಗೆ ಮೇಲಕ್ಕೆ ಎತ್ತಿಕೊಂಡ, ಕೈಯಿಂದ ನೀರು ತಳ್ಳಿ ಸೆಳೆತಕ್ಕೆ ಸೇರಿಕೊಂಡ.

"ಏನ್ ಮಾಡ್ತಿದ್ದೀಯೋ!" ಮಾರ್ವಾ ಛತ್ರಿ ಬಿಟ್ಟು ದಂಡೆಯುದ್ದಕ್ಕೂ ಓಡಿದಳು. "ಆಪರೇಷನ್ನು ಮಂಡಿಗೋ ತಲೆಗೋ?"

ಕಾಲು ಮುಂದೆ, ಕೋಲು ಎದೆಯ ಮೇಲೆ, ಟೊಪ್ಪಿ ಎಲ್ಲೋ. ಕುತ್ತಿಗೆಯಿಂದ ಹಿಮದಂಥ ನೀರು ಒಳಗಿಳಿದರೂ ಅವನು ಹೊಳೆಗೆ ಬೈಯಲಿಲ್ಲ. ಹೊಳೆ ಅವನನ್ನು ಒಯ್ದು, ಬೇಸಗೆಯಲ್ಲಿ ಟ್ಯೂಬಿನ ಹುಡುಗರು ತಗಲುತ್ತಿದ್ದ ಅದೇ ಮರಳು ದಿಣ್ಣೆಗೆ ಹಾಕಿತು.

ಮಾರ್ವಾ ಅವನ ಒದ್ದೆ ಉಡುಪು ಎಳೆದು ತೆಗೆದು, ಪಿಕಪ್ಪಿನ ಹೀಟರ್ ಹಾಕಿ, ಕಂಬಳಿ ಹೊದಿಸಿ, ಫ್ಲಾಸ್ಕಿನ ಕಾಫಿ ಕುಡಿಸಿದಳು. ಅಷ್ಟೂ ಹೊತ್ತು ಬೈಯುತ್ತಲೇ ಇದ್ದಳು. ಅವನ ಹಲ್ಲುಗಳ ಕಟಕಟ ನಿಂತ ಮೇಲೆ, "ಸುತ್ತಿಗೆ ಎಲ್ಲಿದೆ?" ಎಂದ.

ಅವಳು ಬೈಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಸೀಟಿನ ಕೆಳಗಿನಿಂದ ಸುತ್ತಿಗೆ ತೆಗೆದಳು.

ಮೊದಲ ಹಲಗೆಯನ್ನು ಸೇತುವೆಯ ಹತ್ತಿರದ ಮರಕ್ಕೆ ಹಿಡಿದು ನಿಂತಾಗ ಒಂದು ಕಾರು ಬಂದು ನಿಂತಿತು. ಇಳಿದವನು ಬೋಯ್ಡ್, ಆಗಸ್ಟಿನ ಸಂಗೀತದ ಮೇಷ್ಟ್ರು. ಕತ್ತಿನಲ್ಲಿ ದಾರ ಕಟ್ಟಿದ ಥರ್ಮಾಮೀಟರ್ ನೇತಾಡುತ್ತಿತ್ತು.

"ಯಜಮಾನ್ರೇ, ಅವತ್ತು ನಿಮ್ಮ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆಮೇಲೆ ನೀರಿನ ಬಿಸಿ ನೋಡೋಕೆ ಇದನ್ನ ಕೊಂಡೆ," ಎಂದು ನಕ್ಕ. "ಇವತ್ತು ಗಾಳ ತಂದಿಲ್ಲ. ಮೊಟ್ಟೆ ಇಡೋ ಕಾಲ ಅಲ್ವಾ, ಸೇತುವೆ ಮೇಲಿಂದ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅವನು ಸೇತುವೆಯ ಮೇಲೆ ಹೋಗಿ ಬಗ್ಗಿ ನೋಡಿದ. ಸ್ವಲ್ಪ ಹೊತ್ತಿಗೆ ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಯಾವನೋ ಕತ್ತೆ ನಡುವೇನೇ ನಡ್ಕೊಂಡು ಹೋಗಿದಾನೆ ನೋಡಿ. ಎರಡು ಗೂಡು ಹೋಯ್ತು. ಈ ಚಳೀಲೂ ಬಿಟ್ಟಿಲ್ಲ, ಆ ಟ್ಯೂಬಿನ ಹುಡುಗರೇ ಇರ್ಬೇಕು, ಅಲ್ವಾ?"

ಗೂಬೆ ಕೂರಿಸಲು ಅದಕ್ಕಿಂತ ಒಳ್ಳೆಯ ತಲೆಗಳು ಕಣಿವೆಯಲ್ಲೇ ಇರಲಿಲ್ಲ. ಅವರಿಗೆ ಅರ್ವಿಡ್ ಮೂರು ತಿಂಗಳು ಬೈದದ್ದನ್ನು ಊರೇ ಕೇಳಿತ್ತು. ಹೂಂ ಅಂದರೆ ಮುಗಿಯುತ್ತಿತ್ತು. ಮಾರ್ವಾ ಕೈಯಲ್ಲಿ ಮೊಳೆಗಳನ್ನು ಹಿಡಿದು ನೆಲ ನೋಡುತ್ತಿದ್ದಳು.

"ಆ ಕತ್ತೆ ನಾನೇ," ಎಂದ ಅರ್ವಿಡ್.

ಬೋಯ್ಡ್ ನಗಲು ಹೋದ. ಕಂಬಳಿ, ಒದ್ದೆ ಕೂದಲು, ಒದ್ದೆ ಬೂಟು ನೋಡಿ ನಗು ನುಂಗಿದ.

"ಹಲಗೆ ಹದಿನೈದು ದಿನದಿಂದ ಗಾಡೀಲೇ ಇತ್ತು," ಎಂದ ಅರ್ವಿಡ್. ಗಂಟಲು ಬಸ್ಸಿನದಾಗಿರಲಿಲ್ಲ. "ಮುದುಕ ಮುದುಕ ಅಂತ ಮೂರು ವರ್ಷ ಬೆನ್ನು ಹತ್ತಿದ್ದೆ. ಅದು ಮುದುಕ ಅಲ್ಲ ಮಾರ್ವಾ, ಹೆಣ್ಣು. ಹೆರಿಗೆ ಕೋಣೆಗೆ ಬೂಟು ಹಾಕ್ಕೊಂಡು ನುಗ್ಗಿಬಿಟ್ಟೆ."

ಕೆಳಗೆ ತೆಳುನೀರಿನಿಂದ ಪಟಪಟ ಸದ್ದು ಬಂತು, ನಿಂತಿತು, ಮತ್ತೆ ಬಂತು. ಬೋಯ್ಡ್ ಮುಂದೆ ಬಂದು ಹಲಗೆಯ ಇನ್ನೊಂದು ತುದಿಯನ್ನು ಮರಕ್ಕೆ ಒತ್ತಿ ಹಿಡಿದ.

"ಸ್ವಲ್ಪ ಮೇಲೆ," ಎಂದ ಅರ್ವಿಡ್. "ನನ್ನಂಥೋನ ಕಣ್ಣಿಗೂ ಬೀಳೋ ಹಾಗೆ."

ಮಾರ್ವಾ ಮೊಳೆ ಕೊಟ್ಟಳು.